ಟಿವಿಯಲ್ಲಿ ಬರೇ ನನ್ನ ಕೈ

ಅದನ್ನೇ ನಿನ್ನೆಯೂ ಹೇಳುತ್ತಿದ್ದೆ ಗಂಗೂ, ನೀನು ತೀರಿಹೋದ ಮೇಲೆ ಟಿವಿಯವರಿಗೆ ನಿನ್ನ ನೆನಪಾಗಿದೆ. ಹಳೆಯ ಅಡುಗೆಗಳನ್ನೆಲ್ಲ ಮತ್ತೆ ತೋರಿಸುತ್ತಿದ್ದಾರೆ, ರಿಪೀಟ್ ಟೆಲಿಕಾಸ್ಟ್. ಇವತ್ತು ಕಡಲೆ ಹಿಟ್ಟಿನ ಜುಣಕದ ಸರದಿ. ನಮ್ಮ ಬಡಾವಣೆ ಖೂಬಾ ಪ್ಲಾಟಿನ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲೇ ಕೂತಿದ್ದರು.

“ನಿಜಾಮನ ಮ್ಯಾಲ ಪೊಲೀಸ್ ಆ್ಯಕ್ಷನ್ ಆದ ವರ್ಷ ಕಮಲಾಪುರದಾಗ ಬಾಗಿಲಾ ಹಾಕ್ಕೊಂಡು ಕುಂತಿದ್ವಿರಿ. ನಾ ಆಗಷ್ಟ ಇವ್ರನ್ನ ಮದಿವ್ಯಾಗಿ ಬಂದಿದ್ನಿ. ಮನ್ಯಾಗ ಇದ್ದದ್ದು ಕಡಲಿ ಹಿಟ್ಟು ಅಷ್ಟ,” ಎಂದು ಟಿವಿಯೊಳಗಿಂದ ನೀನು ನಗುತ್ತ ಹೇಳಿದೆ. ಟಿವಿಯಲ್ಲಿ ಅಡುಗೆ ಮಾಡಿದ ನಮ್ಮ ಕಡೆಯ ಮೊದಲ ಹೆಂಗಸು ನೀನು. ಆ ನಗೆಗೇ ಬೀದರ, ರಾಯಚೂರಿನಿಂದ ಟಪಾಲು ಬರುತ್ತಿತ್ತು.

ಬಡಿಸುವ ಮುಂಚೆ ಬಾಯಿಗಿಟ್ಟರೆ ಎಂಜಲೆಂದು ನೀನು ಕ್ಯಾಮೆರಾದ ಮುಂದೆಯೂ ರುಚಿ ನೋಡಲಿಲ್ಲ. ಅದಕ್ಕೇ ರುಚಿ ನೋಡಲು ಬದಿಯಿಂದ ನನ್ನ ಕೈ ಬಂದು ಬಟ್ಟಲು ತೆಗೆದುಕೊಳ್ಳುತ್ತಿತ್ತು.

“ಕಾಕಾ, ಆ ಕೈ ನಿಮ್ದೇನ್ರಿ? ಬಟ್ಟಲಾ ತಗೊಂಡು ಓಡೇ ಹೋಯ್ತು ನೋಡ್ರಿ!” ಎಂದಳು ಪಕ್ಕದ ಮನೆಯ ಲಲಿತಾಬಾಯಿ. ಎಲ್ಲರೂ ನಕ್ಕರು.

ಶೂಟಿಂಗಿನ ದಿನ ನನ್ನ ಕಣ್ಣು ಬಟ್ಟಲಿನಲ್ಲಿತ್ತು. ನಿನ್ನ ಮುಖವನ್ನು ಇವತ್ತೇ ನೋಡಿದೆ. ಕೈ ಹೋದ ಮೇಲೂ ನೀನು ಆ ಕಡೆಗೇ ನೋಡುತ್ತ ನಿಂತಿದ್ದೀ, ಏನೋ ಕೇಳಿಸಲಿದೆ ಎನ್ನುವ ಹಾಗೆ. ಆಮೇಲೆ ಸೆರಗು ಸರಿಮಾಡಿಕೊಂಡು ಕ್ಯಾಮೆರಾಕ್ಕೆ ಕೈ ಮುಗಿಯುತ್ತೀ.

ಅವರೆಲ್ಲ ಹೋದಾಗಿನಿಂದ ಕೂರುತ್ತೇನೆ, ಏಳುತ್ತೇನೆ, ಮತ್ತೆ ಪಡಸಾಲೆ ತಿರುಗುತ್ತೇನೆ. ಹೈದರಾಬಾದಿನ ಕಾಲೇಜಿನಲ್ಲಿ ಅವತ್ತು ನಾನು ಹೇಳಬೇಕಿದ್ದ ಮಾತಿಗೊಂದು ಇಂಗ್ಲಿಷ್ ಶಬ್ದ ಕಲಿಸಿದ್ದರು, ಡಿಲಿಶಿಯಸ್ಸೋ ಡೆಲಿಕೇಟೋ. ನಮ್ಮ ಮಾತಿನಲ್ಲಿ ಇನ್ನೂ ಸಲೀಸು. ಛಲೋ ಆಗೇದ. ಈಗ ಹಾಳೆಯ ಮೇಲೆ ಬರೆದಿದ್ದೇನೆ, ಆದರೆ ಬೆಳಕು ಹೋಗುತ್ತಿದೆ, ಅಕ್ಷರ ನನಗೇ ಕಾಣಿಸುತ್ತಿಲ್ಲ.