ಹಿಮಕರಡಿಗೆ ಕಳೆದ ಅರ್ಧ ಅಂಕ

ಕಾಡುಗೋಡಿ
೧೪ ಆಗಸ್ಟ್ ೨೦೧೧, ಭಾನುವಾರ

ಚಿ. ಸೌ. ರಂಜನಿಗೆ,

ಅಮ್ಮನ ಆಶೀರ್ವಾದಗಳು. ಆರೋಗ್ಯ ಹೇಗಿದೆ? ಪೀಣ್ಯದ ಹೊಗೆಗೆ ನಿನ್ನ ಹಳೆಯ ಕೆಮ್ಮು ಮರುಕಳಿಸಿಲ್ಲ ತಾನೆ? ಮಂಡಿನೋವೊಂದನ್ನು ಬಿಟ್ಟರೆ ನಾನು ಕ್ಷೇಮ. ನಿನ್ನ ಹೆಸರಿಗೆ ‘ಸೌ.’ ಸೇರಿಸಿರುವುದನ್ನು ಗಮನಿಸಿಯೇ ಇರುತ್ತೀಯೆ. ನಿನ್ನ ಮದುವೆಯಾಗಿ ಒಂಬತ್ತು ವರ್ಷಗಳಾದ ಮೇಲೆ ಇದೇ ಮೊದಲು. ಕೈತಪ್ಪಿ ಬರೆದದ್ದಲ್ಲ, ನಾನು ಕೈತಪ್ಪಿ ಏನನ್ನೂ ಬರೆಯುವವಳಲ್ಲ.

ಮೊನ್ನೆ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದೆ. ಹೊರಗಿನ ಕೋಣೆಯಲ್ಲಿ ಬಾಡಿಗೆಗಿರುವ, ಯಾದಗಿರಿ ಕಡೆಯ ಬಸಕ್ಕ ನೆರವಾದಳು. ಅದರಲ್ಲಿ ನಿನ್ನ ಏಳನೆಯ ತರಗತಿಯ ಪ್ರಬಂಧದ ಪುಸ್ತಕ ಸಿಕ್ಕಿತು. ಆಗ ಕುಂದಲಹಳ್ಳಿಯ ಶಾಲೆಯಲ್ಲಿ ನಾನೇ ನಿನ್ನ ಕನ್ನಡದ ಉಪಾಧ್ಯಾಯಿನಿ. ಎರಡು ಪ್ರಾಣಿಗಳನ್ನು ಹೋಲಿಸಿ ಬರೆಯಿರಿ ಎಂದಿದ್ದೆ. ಉಳಿದವರೆಲ್ಲ ಹಸು-ಎಮ್ಮೆ, ನಾಯಿ-ಬೆಕ್ಕು ಎಂದು ಬರೆದರೆ, ನೀನು ಹಿಮಕರಡಿಯನ್ನೂ ಕಾಡುಕೋಳಿಯನ್ನೂ ಅಕ್ಕಪಕ್ಕ ಕೂರಿಸಿದ್ದೆ! ಕರಡಿಯನ್ನು ಕಂಡದ್ದು ನಿನ್ನ ಅಪ್ಪ ಕಾರ್ಖಾನೆಯಿಂದ ತಂದ ಕ್ಯಾಲೆಂಡರಿನಲ್ಲಿ. ಕೋಳಿಯನ್ನು ಕಂಡದ್ದು ರೈಲು ನಿಲ್ದಾಣದಾಚೆಯ ನೀಲಗಿರಿ ತೋಪಿನಲ್ಲಿ. ಅದು ಪಕ್ಕದ ಬೀದಿಯ ನಲ್ಲಪ್ಪನ ಮನೆಯ ಹುಂಜವೆಂದು ನಿನ್ನ ಅಪ್ಪ ರೇಗಿಸಿದಾಗ, ‘ಅಲ್ಲಪ್ಪಾ, ಅದಕ್ಕೆ ಕಾಡಿನ್ ಜಂಬ ಇತ್ತು’ ಎಂದು ಅಳುಮೋರೆ ಮಾಡಿದ್ದೆ. ಈಗ ಆ ತೋಪಿನ ಜಾಗದಲ್ಲಿ ಗಾಜಿನ ಕಟ್ಟಡ ನಿಂತಿದೆ. ಅದರ ಮುಂದೆ ಹಾದುಹೋಗುವಾಗ ಇಂದಿಗೂ ನನ್ನ ಕಣ್ಣು ಆ ಹುಂಜವನ್ನೇ ಹುಡುಕುತ್ತದೆ.

ನೀನು ಬರೆದಿದ್ದೆ: ‘ಹಿಮಕರಡಿ ಐದು ಮೂಟೆ ಅಕ್ಕಿಯಷ್ಟು ಭಾರ, ಕಾಡುಕೋಳಿ ಒಂದು ಸೇರು. ಕರಡಿ ಒಂಟಿಯಾಗಿ ನಡೆಯುತ್ತದೆ, ಯಾರನ್ನೂ ಕರೆಯುವುದಿಲ್ಲ. ಕಾಳು ಸಿಕ್ಕರೆ ಕೋಳಿ ಮೊದಲು ಎಲ್ಲರನ್ನೂ ಕರೆಯುತ್ತದೆ, ಆಮೇಲೆ ತಿನ್ನುತ್ತದೆ.’

ಇಂತಹ ಮಾತು ಅಂದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ‘ಹಿಮಕರಡಿ’ಯ ಕೆಳಗೆ ಕೆಂಪು ಗೆರೆ ಎಳೆದು, ‘ಅರಿಸಮಾಸ. ಸಂಸ್ಕೃತ ಪದದೊಡನೆ ಕನ್ನಡ ಪದ ಕೂಡದು’ ಎಂದು ಬರೆದು, ಅರ್ಧ ಅಂಕ ಕಳೆದಿದ್ದೆ. ಬಸಕ್ಕ ಅಕ್ಷರ ಕೂಡಿಸಿಕೊಂಡು ಓದಿ, ‘ಎಷ್ಟ್ ಚೊಲೋ ಬರದಾಳ್ರೀ ನಿಮ್ ಮಗಳು! ಕೆಂಪ್ ಗೀಟ್ ಯಾಕ ಹಾಕೀರಿ ಅಕ್ಕಾರ?’ ಎಂದಳು. ಉತ್ತರ ಹೇಳಲು ಹೊರಟವಳಿಗೆ ಒಂಬತ್ತು ವರ್ಷದ ಹಿಂದಿನ ದಿನ ನೆನಪಾಯಿತು. ಬೇರೆ ಜಾತಿಯ, ಬಾಗಲಕೋಟೆ ಸೀಮೆಯ ಫಿಟ್ಟರ್ ಪರಮಾನಂದರೊಡನೆ ನೀನು ಹೊಸ್ತಿಲಲ್ಲಿ ನಿಂತಾಗ ನಾನು ಎಸೆದದ್ದೂ ಇದೇ ಪದವನ್ನಲ್ಲವೆ? ‘ಇದು ಅರಿಸಮಾಸ. ಒಪ್ಪಲಾರೆ’ ಎಂದೆ. ಅವರು ಮುನಿಯದೆ, ‘ಹಂಗಂದ್ರ ಏನ್ರೀ ಅತ್ತಿ?’ ಎಂದರು. ತಿಳಿಯಬೇಕೆಂದೇ ಕೇಳಿದರು, ಅಣಕವಿರಲಿಲ್ಲ. ಕೇಳಿದವರಿಗೆ ಉತ್ತರಿಸದೆ ನಾನು ಬಾಗಿಲು ಹಾಕಿಕೊಂಡದ್ದು ಜೀವಮಾನದಲ್ಲಿ ಅದೊಂದೇ ಸಲ.

ನಿನ್ನ ಅಪ್ಪ ತಿಂಗಳಿಗೊಮ್ಮೆ ಸ್ನೇಹಿತರ ಮನೆಗೆಂದು ಪೀಣ್ಯದ ಬಸ್ಸು ಹತ್ತುವುದು ನನಗೆ ತಿಳಿದಿಲ್ಲವೆಂದುಕೊಂಡಿದ್ದಾರೆ. ನಾಳೆ ಅವರ ಚೀಲದಲ್ಲಿ ಈ ಪತ್ರವಿರುತ್ತದೆ; ಅವರ ಮುಖ ಹೇಗಾಯಿತೆಂದು ನನಗೆ ತಿಳಿಸು. ನಿಮ್ಮಿಬ್ಬರ ಬಾಳು ತಂಪಾಗಿರಲಿ.

ನಿನ್ನ ಅಮ್ಮ,
ಭಾನುಮತಿ

ಮರೆತ ಮಾತು: ರೂಢಿಯಲ್ಲಿ ನೆಲೆನಿಂತ ಅರಿಸಮಾಸವನ್ನು ವ್ಯಾಕರಣವೂ ಒಪ್ಪುತ್ತದೆ. ಇದನ್ನು ಪರಮಾನಂದರಿಗೆ ನೀನು ಹೇಳಬೇಡ. ಅವರು ಕೇಳಿದ್ದು ನನ್ನನ್ನು. ಅರ್ಧ ಅಂಕವನ್ನು ಸೇರಿಸಿ ಸಹಿ ಹಾಕಿದ್ದೇನೆ. ಮುಂದಿನ ಭಾನುವಾರ ಮಧ್ಯಾಹ್ನ ಇಬ್ಬರೂ ಊಟಕ್ಕೆ ಬನ್ನಿ. ನೀವು ಬಂದ ಮೇಲೆಯೇ ನಾವು ಎಲೆ ಹಾಕುವುದು.