ನಾಲ್ಕನೆಯ ಕಾಲಂ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11

ಹದಿನೇಳು ಸಾಲು ಮುಗಿಯಿತು. ಪೆನ್ನು ಕಕ್ಕುತ್ತಿದೆ, ಬೆರಳೆಲ್ಲ ನೀಲಿ. ಕಾರ್ಯದರ್ಶಿಯ ಹತ್ತಿರ ಹೊಸದು ಕೇಳಬೇಕು. ನಾಳೆ ಕೇಳುತ್ತೇನೆ. ಶನಿವಾರವೂ ಹೀಗೇ ಅಂದುಕೊಂಡಿದ್ದೆ.

ರಿಜಿಸ್ಟರಿಗೆ ನಾಲ್ಕು ಕಾಲಂ. ದಿನಾಂಕ. ವಿಷಯ. ನಮ್ಮ ಸಂಸದರು, ಅಂದರೆ ಸಾಹೇಬರು, ಸಂಸತ್ತಿನಲ್ಲಿ ಏನು ಮಾತಾಡಿದರು. ಯಾವ ಕಡೆ ಮತ ಹಾಕಿದರು. ಕೊನೆಯದರಲ್ಲಿ ‘ಪರ’, ‘ವಿರುದ್ಧ’, ‘ಗೈರು’—ಇಷ್ಟೇ. ಎಲ್ಲರೂ ಒಟ್ಟಿಗೆ ಕೂಗಿ ತೀರ್ಮಾನ ಮಾಡಿದ್ದರೆ ಅದು ಧ್ವನಿಮತ, ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲವಂತೆ. ಅಲ್ಲಿ ಒಂದು ಅಡ್ಡಗೆರೆ. ಪ್ರತಿ ಶನಿವಾರ ರಿಜಿಸ್ಟರ್ ಅವರ ಕಚೇರಿಯ ಹೊರಗಿನ ಮೇಜಿನ ಮೇಲೆ. ಯಾರು ಬೇಕಾದರೂ ಬಂದು ಓದಬಹುದು. ಸಾಹೇಬರಿಗೆ ಅದರದ್ದೇ ಹೆಮ್ಮೆ. ಕೈಬರಹದಲ್ಲೇ ಇರಬೇಕು, ಅಚ್ಚಾದದ್ದನ್ನು ಜನ ನಂಬುವುದಿಲ್ಲ ಎನ್ನುತ್ತಾರೆ.

ಐದನೆಯ ತರಗತಿಗೇ ಶಾಲೆ ಬಿಟ್ಟ ನನ್ನನ್ನು ಅಕ್ಷರ ದುಂಡಗಿದೆ ಎಂದು ಸೇರಿಸಿಕೊಂಡರು. ಕಾರ್ಯದರ್ಶಿ ಕರೆಯುವುದೇ ‘ಮುತ್ತಮ್ಮ’ ಎಂದು. ಮುತ್ತೆಲ್ಲ ಕೈಯಲ್ಲೇ, ಬಾಯಿಂದ ಒಂದೂ ಉದುರಲ್ಲ ಎಂದು ಚೇಷ್ಟೆ ಬೇರೆ.

ಇವತ್ತಿನದು ಗುತ್ತಿಗೆ ಕೆಲಸಗಾರರ ತಿದ್ದುಪಡಿ. ಯಂತ್ರಕ್ಕೆ ಸಿಕ್ಕಿ ಗಾಯವಾದರೆ ಗುತ್ತಿಗೆಯವರಿಗೂ ಚಿಕಿತ್ಸೆ ಕೊಡಿಸಬೇಕು, ವಾಸಿಯಾದ ಮೇಲೆ ಕೆಲಸವನ್ನೂ ಕೊಡಬೇಕು. ಸಾಹೇಬರು ನಾಲ್ಕು ನಿಮಿಷ ಮಾತಾಡಿದ್ದಾರೆ. ‘ಬೆರಳು ಕಳೆದುಕೊಂಡವರು ಕೆಲಸವನ್ನೂ ಕಳೆದುಕೊಳ್ಳಬೇಕೆ?’

ಆ ಸಾಲು ಬರೆಯುವಾಗ ಕೈ ನಿಂತಿತು. ಅಕ್ಕ...

ಅದೇ ದಿನ, ಸಂಜೆ

ಅಕ್ಕನಿಗೆ ಹೇಳಿದೆ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಪ್ರೆಸ್ಸಿಗೆ ಸಿಕ್ಕಿ ಅವಳ ಬಲಗೈಯ ಎರಡು ಬೆರಳು ಹೋಗಿ ಹದಿನಾಲ್ಕು ತಿಂಗಳಾಯಿತು. ನೀನು ನಮ್ಮ ಪಟ್ಟಿಯಲ್ಲೇ ಇಲ್ಲ ಎಂದಿತ್ತು ಕಾರ್ಖಾನೆ. ಗುತ್ತಿಗೆದಾರ ಫೋನೇ ಎತ್ತಲಿಲ್ಲ.

ಬಟ್ಟೆ ಮಡಚುತ್ತಿದ್ದವಳು ಹಾಗೇ ಕುಳಿತಳು. ಆ ಸಾಲನ್ನು ಎರಡು ಸಲ ಹೇಳಿಸಿದಳು. ಆಮೇಲೆ, ಮತಾನೂ ಹಾಕಿದ್ರಾ ಎಂದಳು.

"ಇಷ್ಟು ಮಾತಾಡಿದವರು ಹಾಕದೆ ಇರ್ತಾರಾ?" ಎಂದೆ.

ನಾಲ್ಕನೆಯ ಕಾಲಂ ಇನ್ನೂ ಖಾಲಿ. ಭಾಷಣದ ಪುಸ್ತಕ ಮೊದಲು ಬರುತ್ತದೆ, ಮತದ ಪಟ್ಟಿ ಹತ್ತು ದಿನ ತಡ. ಅದು ಗೊತ್ತಿದ್ದೂ ಅಂದೆ. ಅವಳ ಮುಖ ಹಾಗಿತ್ತು.

ಮಾರ್ಚ್ 6, ಗುರುವಾರ

ತಿದ್ದುಪಡಿ ಹೋದ ವಾರವೇ ಬಿದ್ದುಹೋಗಿದೆಯಂತೆ. ಹತ್ತೊಂಬತ್ತು ಮತದಿಂದ. ಟೀವಿಯಲ್ಲಿ ಒಂದು ಸಾಲು ಬಂತು, ಹೋಯಿತು.

ಅಕ್ಕ ಅಳುತ್ತಾಳೆ ಅಂದುಕೊಂಡಿದ್ದೆ. ಇಲ್ಲ. ಸೋತರೇನು, ನಮ್ಮೋರು ಅಂತ ಒಬ್ಬರಾದ್ರೂ ನಿಂತ್ರಲ್ಲ ಎಂದಳು. ಅಷ್ಟರಲ್ಲಾಗಲೇ ಬೀದಿಗೆಲ್ಲ ಹೇಳಿಯಾಗಿತ್ತು. ಅವಳ ಜೊತೆ ಕೆಲಸ ಮಾಡಿದವರು ದಾರಿಯಲ್ಲಿ ನನ್ನನ್ನು ನಿಲ್ಲಿಸಿ, ನಿಮ್ಮ ಸಾಹೇಬರು ಗಟ್ಟಿಗರು ಕಣೇ ಅನ್ನುತ್ತಾರೆ. ನಕ್ಕು ಮುಂದೆ ಹೋಗುತ್ತೇನೆ.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ 12

ಮತದ ಪಟ್ಟಿ ಬಂತು.

‘ಪರ’ದಲ್ಲಿ ಹುಡುಕಿದೆ. ಇಲ್ಲ. ಬೆರಳಿಟ್ಟು ಮತ್ತೊಮ್ಮೆ. ಇಲ್ಲ. ಗೈರಾದವರಲ್ಲಿ ನೋಡಿದೆ—ಅದಾದರೂ ಆಗಿರಲಿ ಎಂದು. ಇಲ್ಲ.

‘ವಿರುದ್ಧ’. ಎರಡನೆಯ ಪುಟ, ಮೇಲಿನಿಂದ ಆರನೆಯ ಹೆಸರು.

ಮತ ಹಾಕುವಾಗ ತಪ್ಪು ಗುಂಡಿ ಒತ್ತಿರಬಹುದು. ಹಾಗೆ ಆಗುವುದುಂಟು. ಆದರೆ ಹಾಗಾದಾಗ ಅಲ್ಲೇ ಚೀಟಿ ಕೊಟ್ಟು ಸರಿಪಡಿಸಿಕೊಳ್ಳುತ್ತಾರೆ. ಕೊಟ್ಟವರ ಹೆಸರು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಈ ಸಲ ಮೂವರು ಕೊಟ್ಟಿದ್ದಾರೆ. ಸಾಹೇಬರು ಅದರಲ್ಲಿಲ್ಲ.

ಊಟದ ಡಬ್ಬಿ ಬಿಚ್ಚಲಿಲ್ಲ.

ಮಧ್ಯಾಹ್ನ 3

ಕಾರ್ಯದರ್ಶಿ ಪಟ್ಟಿ ನೋಡಿದರು. ಆಶ್ಚರ್ಯವೇನೂ ಪಡಲಿಲ್ಲ. ಬಾಗಿಲು ಅರ್ಧ ಮುಚ್ಚಿ ಬಂದರು.

"ಮುತ್ತಮ್ಮ, ಇಲ್ಲೊಂದು ಅಡ್ಡಗೆರೆ ಎಳೆದುಬಿಡು."

ಇದು ಧ್ವನಿಮತ ಅಲ್ಲವಲ್ಲ ಸಾರ್, ಹೆಸರು ಹೆಸರಾಗಿ... ಎಂದೆ.

"ಪರ ಅಂತ ಬರಿ ಅಂದ್ನಾ? ಸುಳ್ಳು ಬರಿ ಅಂದ್ನಾ? ಗೆರೆ ತಾನೇ. ಚುನಾವಣೆ ಮುಗೀಲಿ, ತಿದ್ದೋಣ."

ಪಟ್ಟಿ ಫೋನಿನಲ್ಲೂ ಸಿಗುತ್ತದಲ್ಲ ಎಂದು ಕೇಳಿದೆ. ಸಿಗುತ್ತದಂತೆ. ಆದರೆ ಅಷ್ಟುದ್ದದ ಪಟ್ಟಿಯಲ್ಲಿ ಒಂದು ಹೆಸರು ಹುಡುಕುವಷ್ಟು ಪುರುಸೊತ್ತು ಯಾರಿಗೂ ಇಲ್ಲವಂತೆ. ಇಲ್ಲಿ ಜನ ಓದುವುದು ನನ್ನ ಅಕ್ಷರವನ್ನಂತೆ. ಹೊಗಳಿದ ಹಾಗೆ ಹೇಳಿದರು.

ಅವರೇ ಎಳೆಯಬಹುದಿತ್ತು. ಗೆರೆ ಎಳೆಯಲು ಯಾರ ಕೈಯಾದರೇನು? ಆದರೆ ಪೆನ್ನನ್ನು ನನ್ನ ಕಡೆಗೇ ಚಾಚಿದರು. ಹೊಸ ಪೆನ್ನು.

ಎಳೆದೆ. ಅರ್ಧ ಅಂಗುಲ. ನೇರವಾಗಿರಲಿ ಎಂದು ಸ್ಕೇಲ್ ಬೇರೆ ಇಟ್ಟೆ. ಯಾಕೆ ಇಟ್ಟೆನೋ.

ಮಾರ್ಚ್ 15, ಶನಿವಾರ

ಇವತ್ತು ಓದಲು ಬಂದವರು ಐದು ಜನ. ಕೊನೆಗೆ ಅಂಚೆ ಅಜ್ಜ. ಅಂಚೆಯಿಂದ ನಿವೃತ್ತರಾದ ಮೇಲೂ ಶನಿವಾರ ತಪ್ಪಿಸಿದವರಲ್ಲ. ಹೊಸ ಸಾಲುಗಳನ್ನೆಲ್ಲ ತುಟಿ ಅಲ್ಲಾಡಿಸುತ್ತ ಓದುತ್ತಾರೆ. ಆ ಸಾಲಿಗೆ ಬಂದು ನಿಂತರು.

"ಇದು ಧ್ವನಿಮತವೇನಮ್ಮ? ಹತ್ತೊಂಬತ್ತು ಮತದಲ್ಲಿ ಸೋತಿತು ಅಂದ ಹಾಗಿತ್ತು."

ತಲೆ ಆಡಿಸಿದೆ. ಹೌದು ಎನ್ನುವ ಹಾಗೆ.

ಹಾಗಾದ್ರೆ ನಂಗೇ ಮರೆವು, ನೀನು ಬರೆದದ್ದು ಸರಿಯೇ ಇರುತ್ತೆ ಎಂದರು. ಕನ್ನಡಕ ತೆಗೆದು ಒರೆಸಿಕೊಂಡು ಮುಂದಿನ ಸಾಲಿಗೆ ಹೋದರು.

ಮನೆಗೆ ಬಂದು ಮಲಗಿಬಿಟ್ಟೆ. ಹೊಟ್ಟೆನೋವು ಎಂದೆ. ಅಕ್ಕ ಎಡಗೈಯಲ್ಲೇ ಗಂಜಿ ಕಲಸಿ ಕೊಟ್ಟಳು.

ಮಾರ್ಚ್ 18, ಮಂಗಳವಾರ

ಸಂಜೆ ಕಾರ್ಯದರ್ಶಿ ಮನೆಗೇ ಬಂದಿದ್ದರು. ಭಾನುವಾರ ಮೈದಾನದಲ್ಲಿ ಸಭೆ. ಅಕ್ಕ ವೇದಿಕೆ ಹತ್ತಿ ಎರಡು ನಿಮಿಷ ಮಾತಾಡಬೇಕು. ಸಾಹೇಬರು ನಿಮ್ಮಂಥವರ ಪರ ನಿಂತದ್ದನ್ನು ನಿಮ್ಮ ಬಾಯಿಂದಲೇ ಜನ ಕೇಳಲಿ ಎಂದರು. ನನ್ನ ಕಡೆ ನೋಡಲಿಲ್ಲ.

ಅಕ್ಕ ಹೂಂ ಎಂದಳು. ಅಪಘಾತವಾದಾಗಿನಿಂದ ಆ ಕೈಯನ್ನು ಶಾಲಿನಡಿ ಇಟ್ಟುಕೊಂಡೇ ಓಡಾಡುವವಳು. ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಳ್ಳುವುದೂ ಎಡಗೈಯಲ್ಲೇ. ಅವರು ಹೋದ ಮೇಲೆ ಕನ್ನಡಿಯ ಮುಂದೆ ನಿಂತು ಬಲಗೈ ಮೇಲೆತ್ತಿ ನೋಡಿಕೊಂಡಳು.

"ಎಂಟು ಬೆರಳಿನೋಳು ಈಗ ಭಾಷಣ ಮಾಡ್ತಾಳೆ ಅಂತ ಮೈಕಲ್ಲಿ ಕೂಗ್ಲಿ ಬಿಡು."

ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತು. ನನಗೆ ನಗು ಬರಲಿಲ್ಲ.

ಹೇಳಬೇಕು. ಹೇಗೆ.

ಮಾರ್ಚ್ 20, ಗುರುವಾರ

ಸಾಹೇಬರು ಬಂದಿದ್ದರು. ಎಲ್ಲರೂ ಹೋಗುವವರೆಗೆ ಕಾದೆ. ಪಟ್ಟಿಯ ಎರಡನೆಯ ಪುಟ ತೆರೆದು ಅವರ ಮೇಜಿನ ಮೇಲಿಟ್ಟೆ.

ನೋಡಿದರು. ಕೂತ್ಕೋ ಎಂದರು. ಕೂರಲಿಲ್ಲ.

"ಆ ಬೆರಳಿನ ಮಾತು ಇತ್ತಲ್ಲ, ಅದು ನಿಮ್ಮಕ್ಕನ ವಿಷಯ ಕೇಳಿಯೇ ಆಡಿದ್ದು. ಸುಳ್ಳಲ್ಲ. ಮಾತಾಡೋಕೆ ಪಕ್ಷ ಬಿಟ್ಟಿತು. ಗುಂಡಿ ಒತ್ತೋಕೆ ಬಿಡಲಿಲ್ಲ. ಎಲ್ಲರೂ ವಿರುದ್ಧ ಹಾಕಬೇಕು ಅಂತ ಅಪ್ಪಣೆ. ಮೀರಿದ್ರೆ ಟಿಕೆಟ್ ಇಲ್ಲ. ಆಮೇಲೆ ಈ ಕಚೇರಿಯೂ ಇಲ್ಲ, ನಿನ್ನ ರಿಜಿಸ್ಟರೂ ಇಲ್ಲ."

ರಿಜಿಸ್ಟರ್ ತೆರೆದು ಆ ಗೆರೆ ನೋಡಿದರು. ಯಾರು ಎಳೆಸಿದರು ಎಂದು ಕೇಳಲಿಲ್ಲ. ಮುಚ್ಚಿದರು.

"ನಿಮ್ಮಕ್ಕನಿಗೆ ನಾನೇ ಹೇಳ್ತೀನಿ. ಚುನಾವಣೆ ಆಗಲಿ."

ಕೆಟ್ಟವರಾಗಿದ್ದರೆ ಸುಲಭವಿತ್ತು. ಅಪಘಾತವಾದಾಗ ಅಕ್ಕನನ್ನು ನೋಡಲು ಆಸ್ಪತ್ರೆಗೆ ಬಂದವರು ಇವರೊಬ್ಬರೇ.

ಮಾರ್ಚ್ 22, ಶನಿವಾರ. ಬೆಳಿಗ್ಗೆ 9.40

ಕಾರ್ಯದರ್ಶಿ ಮೈದಾನದಲ್ಲಿದ್ದಾರೆ, ಕುರ್ಚಿ ಹಾಕಿಸಲು. ರಿಜಿಸ್ಟರ್ ಹೊರಗಿಡುವ ಮೊದಲು ಆ ಸಾಲಿನ ಪುಟ ತೆರೆದೆ. ಗೆರೆಯ ಮೇಲೆಯೇ ಬರೆದೆ.

ವಿರುದ್ಧ.

ಅಕ್ಷರ ಸೊಟ್ಟಗೆ ಬಂದಿದೆ. ಇರಲಿ.

12.15

ಅಂಚೆ ಅಜ್ಜ ಬಂದರು. ಹಳೆಯ ಪುಟ ನೋಡುವವರಲ್ಲ. ನಾನೇ ತಿರುಗಿಸಿ ತೋರಿಸಿದೆ. ಹೋದ ವಾರ ಇಲ್ಲಿ ಗೆರೆ ಇತ್ತಲ್ಲಮ್ಮ ಎಂದರು.

"ನಾನು ತಪ್ಪು ಬರೆದಿದ್ದೆ ಅಜ್ಜ."

ನನ್ನ ಮುಖ ನೋಡಿದರು. ಜೇಬಿನಿಂದ ಚೀಟಿ ತೆಗೆದು ಆ ಸಾಲನ್ನು ಇಳಿಸಿಕೊಂಡರು. ನಾಲ್ಕೂ ಕಾಲಂ.

ಇನ್ನು ಮುಚ್ಚಿಡಲು ಆಗದು. ಬೇರೆಯವರಿಂದ ಕೇಳುವ ಮೊದಲು ಅಕ್ಕ ನನ್ನಿಂದ ಕೇಳಬೇಕು. ಸಭೆ ನಾಳೆ ಹತ್ತಕ್ಕೆ.

ಮಾರ್ಚ್ 23, ಭಾನುವಾರ. ಬೆಳಿಗ್ಗೆ 7.30

ನಿನ್ನೆ ಸಂಜೆ ಮನೆ ತುಂಬ ಅವಳ ಗೆಳತಿಯರು. ಆಗಲಿಲ್ಲ. ಈಗ ಹೇಳಿದೆ. ಪಟ್ಟಿಯ ಪುಟ ತೋರಿಸಿದೆ, ಸಾಹೇಬರ ಹೆಸರಿನ ಕೆಳಗೆ ಉಗುರಿಟ್ಟು.

ಅವಳು ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಒಲೆಯ ಮೇಲೆ ಹಾಲು ಉಕ್ಕಿತು. ಇಬ್ಬರೂ ಏಳಲಿಲ್ಲ.

"ಮತ ಹಾಕಿದ್ರು ಅಂತ ನೀನೇ ಅಲ್ವಾ ಹೇಳಿದ್ದು?"

ಪಟ್ಟಿ ನೋಡದೆಯೇ ಹೇಳಿದೆ ಎಂದೆ.

"ಯಾವಾಗಿಂದ ಗೊತ್ತು?"

"ಒಂಬತ್ತು ದಿನದಿಂದ."

"ಒಂಬತ್ತು ದಿನ ನನ್ನ ಪಕ್ಕ ಕೂತು ಉಂಡಿದೀಯ."

ಅಕ್ಕ ಎದ್ದು ಹಾಲಿನ ಪಾತ್ರೆ ಇಳಿಸಿದಳು. ಒಲೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

8.20

ಹೋಗಬೇಡ ಅಕ್ಕ, ಜ್ವರ ಅಂತ ಹೇಳಿ ಕಳಿಸ್ತೀನಿ ಎಂದೆ. ತಿರುಗಿ ನೋಡಿದಳು. ಇನ್ನೊಂದು ಸುಳ್ಳು ಬೇಕಾ ನಿಂಗೆ ಎಂದಳು. ಕರೆದವರು ಅವರೇ, ಹೋಗೇ ಹೋಗ್ತೀನಿ ಎಂದಳು.

"ಪೆನ್ನು ತಗೋ. ಅವರು ಮಾತಾಡಿದ್ದನ್ನೂ ಬರಿ, ಮತ ಹಾಕಿದ್ದನ್ನೂ ಬರಿ. ಬೈಗುಳ ಬೇಡ. ಆಸ್ಪತ್ರೆಗೆ ಬಂದಿದ್ದನ್ನೂ ಸೇರಿಸು."

ನನ್ನ ಕೆಲಸ ಹೋಗುತ್ತೆ ಎಂದೆ. ಗೊತ್ತು ಎಂದಳು. ಬೇಕಿದ್ರೆ ಬರೀಬೇಡ, ನಾನೇ ಬರ್ಕೋತೀನಿ ಎಂದು ಬಲಗೈ ಚಾಚಿದಳು. ಪೆನ್ನು ಆ ಮೂರು ಬೆರಳಿನಲ್ಲಿ ನಿಲ್ಲುವುದಿಲ್ಲ. ಇಬ್ಬರಿಗೂ ಗೊತ್ತು.

ಬರೆದುಕೊಟ್ಟೆ. ಒಂಬತ್ತು ಸಾಲು. ಗೆರೆ ಎಳೆದದ್ದು ನಾನೆಂದೂ ಬರೆದೆ. ಅದನ್ನು ಅವಳು ಹೇಳಿರಲಿಲ್ಲ. ಓದಿ, ಸುಮ್ಮನೆ ನನ್ನ ತಲೆಯ ಮೇಲೊಂದು ಮೊಟಕಿದಳು. ಮೆಲ್ಲಗೆ.

9.10

ಕಾರು ಬಂತು. ಕಾರ್ಯದರ್ಶಿ ಬಾಗಿಲಲ್ಲಿ. ರಿಜಿಸ್ಟರ್ ಇನ್ನೂ ನೋಡಿಲ್ಲ, ಮುಖ ನೋಡಿದರೆ ಗೊತ್ತಾಗುತ್ತದೆ. ಅಕ್ಕ ಶಾಲು ಹೊದೆಯದೆ ನಿಂತಿದ್ದಾಳೆ. ಏನು ಬರೆದಿದ್ದೀರಿ, ಒಮ್ಮೆ ಓದಿ ಹೇಳಿ, ಹೆಚ್ಚುಕಡಿಮೆ ಇದ್ದರೆ ಸರಿಮಾಡೋಣ ಅನ್ನುತ್ತಿದ್ದಾರೆ. ಅಕ್ಕ ಚೀಟಿಯನ್ನು ನನ್ನ ಮುಂದಿಟ್ಟಳು. ಬರೆದವಳೇ ಓದಲಿ ಎಂದಳು.

ಇನ್ನೂ ಏನೋ ಬರೆಯುವುದು ಬಾಕಿ ಇರುವವಳಂತೆ ಇದನ್ನು ಬರೆಯುತ್ತ ಕೂತಿದ್ದೇನೆ. ಇಬ್ಬರೂ ಕಾಯುತ್ತಿದ್ದಾರೆ. ಓದಬೇಕು. ಕೇಳಿಸುವ ಹಾಗೆ. ಮೊದಲ ಸಾಲು—