ಅಕ್ಕನ ಗಂಟಲು, ನನ್ನ ಮೀಟರು

ಸೋಮವಾರ, ೪
ಎರಡು ಆಪರೇಷನ್‌ಗಳ ನಡುವೆ ಘನ ಕ್ರೀಡಾಕೂಟ ನೆರವೇರಿತು. ಗಂಟಲ ಟ್ಯೂಬಿನ ಒತ್ತಡ ಅಳೆಯುವ ಮೀಟರಿಗೆ ನಳಿಕೆ ಸಿಕ್ಕಿಸಿ ಊದುವ ಸ್ಪರ್ಧೆ. ಸ್ಟ್ರೆಚರ್ ತಳ್ಳುವ ಅಣ್ಣನ ಕೆನ್ನೆ ಕಪ್ಪೆಯಂತೆ ಉಬ್ಬಿತು. ಮುಳ್ಳು ಕೊನೆಗೆ ಬಡಿದು ಟಕ್ ಎಂದಿತು. ಅಧ್ಯಕ್ಷತೆ, ತೀರ್ಪು: ಅರಿವಳಿಕೆ ಟೆಕ್ನಿಷಿಯನ್, ಅಂದರೆ ನಾನು. ಮೀಟರ್ ಒರೆಸಿ ಡ್ರಾಯರಿಗೆ. ಯಾರೂ ನೋಡಲಿಲ್ಲ.

ಬುಧವಾರ, ೬
ನಾಳೆ ಅಕ್ಕನ ಪಿತ್ತಕೋಶದ ಆಪರೇಷನ್, ನಮ್ಮಲ್ಲೇ. ನೋವು ತಡೆಯಲಾಗದು, ಮುಂದೂಡುವಂತಿಲ್ಲ. ಬರುವ ಸೋಮವಾರ ರೇಡಿಯೊದಲ್ಲಿ ಅವಳ ಧ್ವನಿಪರೀಕ್ಷೆ — ಮೂರು ವರ್ಷ ಕಾದದ್ದು. ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆ.
"ಗಂಟಲಿಗೆ ಟ್ಯೂಬ್ ಹಾಕ್ತೀರಲ್ಲೋ ಕೋತಿ, ನನ್ನ ದನಿ ಗತಿ?"
"ಟ್ಯೂಬಿನ ತುದೀಲಿ ಪುಟ್ಟ ಬಲೂನ್ ಇರುತ್ತೆ ಅಕ್ಕ. ಗಾಳಿ ಹೆಚ್ಚಾದ್ರೆ ಒಳಗೆ ಒತ್ತಿ ನೋವು. ಮೀಟರಲ್ಲಿ ಇಪ್ಪತ್ತರಿಂದ ಮೂವತ್ತು ಇದ್ರೆ ಸರಿ. ನಾನಿರ್ತೀನಲ್ಲ."
"ನೀನಿರ್ತೀಯ ಅನ್ನೋದೇ ಭಯ."

ಗುರುವಾರ, ೭. ಬೆಳಗ್ಗೆ ೭.೪೦
ಮೀಟರ್ ತೆಗೆದೆ. ಯಾವುದಕ್ಕೂ ಜೋಡಿಸಿಲ್ಲ, ಆದರೂ ಸೊನ್ನೆಯಲ್ಲಿರಬೇಕಾದ ಮುಳ್ಳು ಹದಿನೆಂಟರಲ್ಲಿ. ತಟ್ಟಿದೆ, ಕುಲುಕಿದೆ. ಹದಿನೆಂಟೇ. ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ… ಅಕ್ಕನನ್ನು ಒಳಗೆ ತರುತ್ತಿದ್ದಾರೆ.

ಮಧ್ಯಾಹ್ನ ೧
ಅಕ್ಕನಿಗೆ ನಿದ್ರೆ ಬಂತು, ಟ್ಯೂಬ್ ಇಳಿಯಿತು. ಒಳಗಿನ ಬಲೂನಿಗೆ ಕೂಡಿಕೊಂಡು ಬಾಯಿಯಾಚೆ ಉಳಿಯುವ ಇನ್ನೊಂದು ಬಲೂನನ್ನು ಅರಿವಳಿಕೆ ಡಾಕ್ಟರಮ್ಮ ಬೆರಳಲ್ಲಿ ಹಿಸುಕಿ ನೋಡಿದರು. ಇಲ್ಲಿ ಅದೇ ರೂಢಿ.
"ಸರಿಯಾಗಿದೆ."
"ಬೆರಳು ಸಾಲಲ್ಲ ಮೇಡಂ. ಅಳೀಬೇಕು."
"ಅಳೆ ಮತ್ತೆ. ಯಾರು ಬೇಡ ಅಂದ್ರು?"
"ಮೀಟರ್ ಕೆಟ್ಟಿದೆ. ಊದಿ ಕೆಡಿಸಿದ್ದು ನಾವು. ಆಡಿಸಿದ್ದು ನಾನು."
"ಇದೂ ನಿನ್ನ ಚೇಷ್ಟೆನಾ?"
"ಅಲ್ಲ ಮೇಡಂ. ಮಲಗಿರೋದು ನಮ್ಮಕ್ಕ."
ಪಕ್ಕದ ಥಿಯೇಟರಿನ ಮೀಟರ್ ಬಂತು. ಅರವತ್ತನಾಲ್ಕು. ಬಲೂನಿನ ಗಾಳಿ ಸ್ವಲ್ಪ ಹೊರಬಿಟ್ಟೆ — ಇಪ್ಪತ್ತೈದು.
"ಅರ್ಧ ಗಂಟೆಗೊಂದು ಸಲ ನೋಡ್ತಿರು," ಎಂದರು. ಆಮೇಲೆ, ತಮ್ಮ ಬೆರಳನ್ನೇ ನೋಡುತ್ತ, "ನಾಳೆ ಎಲ್ಲ ಬರೆದುಕೊಡು."

ಸಂಜೆ ೫
ಅಕ್ಕ ಕಣ್ಣು ಬಿಟ್ಟಳು. "ನೀರು…" ದನಿಯಲ್ಲ, ತುಕ್ಕು ಹಿಡಿದ ಬಾಗಿಲು. ಅರವತ್ತನಾಲ್ಕು ಎಷ್ಟು ಹೊತ್ತು ಇತ್ತು? ಹತ್ತು ನಿಮಿಷ? ಹದಿನೈದು? ಅವಳೆದುರು ಎಲ್ಲ ಒಪ್ಪಿಕೊಂಡೆ. ಅಕ್ಕ ಗೋಡೆ ಕಡೆ ತಿರುಗಿದಳು.

ಸೋಮವಾರ, ೧೧. ೧೦.೧೫
ಹದಿನೈದು ದಿನ ಸಸ್ಪೆಂಡ್. ಮಾನ್ಯ ತೀರ್ಪುಗಾರರು ಸದ್ಯ ಅಕ್ಕನ ಚೀಲ ಹೊರುವ ಹುದ್ದೆಯಲ್ಲಿದ್ದಾರೆ. ಗುರುವಾರದಿಂದ ಒಂದು ಮಾತಿಲ್ಲ — ಸಿಟ್ಟೋ, ಗಂಟಲಿಗೆ ವಿಶ್ರಾಂತಿಯೋ, ಕೇಳುವ ಧೈರ್ಯವಿಲ್ಲ.
ಈಗ ರೇಡಿಯೊ ಸ್ಟುಡಿಯೊ ಒಳಗಿದ್ದಾಳೆ. ಗಾಜಿನಾಚೆ ತುಟಿ ಆಡುತ್ತಿದೆ, ಏನೂ ಕೇಳಿಸದು. ಅಲ್ಲಿನ ಗುಮಾಸ್ತನಿಗೆ ಪಾಪ ಅನ್ನಿಸಿತೇನೋ, ಹೊರಗಿನ ಸ್ಪೀಕರ್ ಹಾಕಿದ.
ಒಂದು ಕೆಮ್ಮು… ಅವಳದಲ್ಲ.
ಆಮೇಲೆ ಅವಳು. ನೇರ. ಎಲ್ಲೂ ಒಡೆದಿಲ್ಲ. ಇನ್ನೊಂದು ವಾಕ್ಯ ಬರಲಿ, ಬರೆಯುವುದು ಆಮೇಲೆ, ಶ್—